ಕಂಡದ್ದು ಒಂದು ಕಡೆ, ಅಂದುಕೊಂಡದ್ದು ಇನ್ನೊಂದು ಕಡೆ: ಮನೆಯಲ್ಲೇ ರಸಾಯನ ವಿಜ್ಞಾನ ಶುರು ಮಾಡುವ ಮಕ್ಕಳಿಗೆ

ಶಾಲೆ ಶುರುವಾಗಿ ತಿಂಗಳು ಕಳೆಯುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಪ್ರಯೋಗ ಮಾಡಿದ್ದಾಯಿತು. ಇನ್ನು ಪುಸ್ತಕದಲ್ಲಿ ಏನು ಬರೆಯಬೇಕು?" ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕೇಳುತ್ತಾರೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರು ಜಾಸ್ತಿ. ವಿಜ್ಞಾನ ಮೇಳ ಹತ್ತಿರ ಬಂದಾಗ ಅವರ ಅಮ್ಮಂದಿರೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಸಾವಕಾಶವಾಗಿ ಬರೆದಿಡೋಣ ಅನ್ನಿಸಿತು.

ನಮ್ಮ ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ತಮಾಷೆಯ ತೊಡಕು ಇದೆ. ಮಲಯಾಳಂನಲ್ಲಿ 'ನಿರೀಕ್ಷಣಂ' ಎಂದರೆ ಗಮನವಿಟ್ಟು ನೋಡುವುದು. ಕನ್ನಡದಲ್ಲಿ 'ನಿರೀಕ್ಷೆ' ಎಂದರೆ ಹೀಗಾಗಬಹುದು ಎಂದು ಕಾಯುವುದು. ಬೇರು ಒಂದೇ, ದಾರಿ ಬೇರೆ. ಎರಡೂ ಭಾಷೆ ಕಿವಿಗೆ ಬೀಳುವ ಮಕ್ಕಳು ಪುಸ್ತಕದಲ್ಲಿ ಬರೆಯುವುದು ಹೆಚ್ಚಾಗಿ ಎರಡನೆಯದನ್ನು. ಅಂದರೆ ಟೀಚರು ಹೇಳಿದ್ದನ್ನು, ಪಾಠದಲ್ಲಿ ಓದಿದ್ದನ್ನು, ಪಕ್ಕದವನು ಬರೆದದ್ದನ್ನು. ಕಣ್ಣೆದುರಿನ ಲೋಟದಲ್ಲಿ ಆದದ್ದು ಮಾತ್ರ ಬಿಟ್ಟುಹೋಗಿರುತ್ತದೆ. ಈ ಲೇಖನದ ಪ್ರಯೋಗಗಳೆಲ್ಲ ಇರುವುದು ಈ ಒಂದು ಅಭ್ಯಾಸ ತಪ್ಪಿಸುವುದಕ್ಕೆ.

ಏನೇನು ಬೇಕು

ಹೆಚ್ಚೇನೂ ಬೇಡ. ಒಂದೇ ಗಾತ್ರದ ಎಂಟು ಗಾಜಿನ ಲೋಟ. ಮೆಡಿಕಲ್ ಅಂಗಡಿಯಿಂದ ಸೂಜಿ ಇಲ್ಲದ 5 ಮಿಲಿಲೀಟರಿನ ಎರಡು ಸಿರಿಂಜ್. ಒಂದು ಬಿಳಿ ಕಾಗದ, ಹಳೆ ಬಟ್ಟೆಯ ತುಂಡು, ಗೆರೆ ಹಾಕಿದ ನೋಟ್‌ಬುಕ್, ಪೆನ್ನು. ಕೆಂಪು ದಾಸವಾಳ ಅಂಗಳದಲ್ಲೇ ಇರುತ್ತದೆ. ಅರಿಶಿನ, ವಿನೆಗರ್, ನಿಂಬೆ, ಎಲೆಗೆ ಹಚ್ಚುವ ಬಿಳಿ ಸುಣ್ಣ, ಅಡುಗೆ ಸೋಡ ಬೇಕು. ಕೊನೆಯ ಪ್ರಯೋಗಗಳಿಗೆ ನಾಲ್ಕು ಕಬ್ಬಿಣದ ಮೊಳೆ, ಒಂದು ಚಿಕ್ಕ ಚಮಚ ಮೈಲುತುತ್ತು, ಸ್ವಲ್ಪ ಚಹಾಪುಡಿ.

ಅಂಗಡಿಯಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಅಡುಗೆ ಸೋಡಕ್ಕೆ 'ಅಪ್ಪಕ್ಕಾರಂ' ಎಂದೂ ಬಟ್ಟೆ ಸೋಡಕ್ಕೆ 'ಅಲಕ್ಕುಕಾರಂ' ಎಂದೂ ಹೇಳುವ ಅಂಗಡಿಗಳಿವೆ. ಸುಮ್ನೆ "ಕಾರಂ ಕೊಡಿ" ಎಂದರೆ ಯಾವುದು ಕೈಗೆ ಬರುತ್ತದೆ ಎಂದು ಹೇಳಲಾಗದು. ಮೊದಲನೆಯದು ಸೋಡಿಯಂ ಬೈಕಾರ್ಬೊನೇಟ್, ಸೌಮ್ಯ. ಎರಡನೆಯದು ಸೋಡಿಯಂ ಕಾರ್ಬೊನೇಟ್, ಅದಕ್ಕಿಂತ ಎಷ್ಟೋ ಬಿರುಸು. ನಿಮಗೆ ಬೇಕಾದದ್ದು ಅಪ್ಪದ್ದು, ಬಟ್ಟೆಯದ್ದಲ್ಲ.

ಇನ್ನು ಕಟ್ಟುನಿಟ್ಟಾದ ಮಾತು. ಪ್ರಯೋಗಕ್ಕೆ ಬಳಸಿದ ಲೋಟ ಮತ್ತೆ ಕುಡಿಯಲು ಬೇಡ, ಬೇರೆಯೇ ಇಡಿ. ಯಾವುದನ್ನೂ ರುಚಿ ನೋಡಬೇಡಿ. ಸುಣ್ಣ ಕಣ್ಣಿಗೆ ಹಾರಿದರೆ ಉಜ್ಜಬೇಡಿ, ತಕ್ಷಣ ಕಾಲು ಗಂಟೆಯಾದರೂ ನೀರು ಬಿಟ್ಟು ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಮೈಲುತುತ್ತು ವಿಷ. ಅದರ ಪ್ರಯೋಗ ಮಾಡುವಾಗ ಮನೆಯ ದೊಡ್ಡವರು ಪಕ್ಕದಲ್ಲಿರಲಿ, ಕೈಗೆ ಗ್ಲೌಸ್ ಇರಲಿ.

1. ಪುಸ್ತಕದ ನಡುವೆ ಗೆರೆ ಎಳೆಯಿರಿ

ಪುಟದ ಮಧ್ಯೆ ಮೇಲಿನಿಂದ ಕೆಳಗೆ ಒಂದು ಗೆರೆ. ಎಡಗಡೆ 'ಕಂಡದ್ದು'. ಬಲಗಡೆ 'ಅಂದುಕೊಂಡದ್ದು'. ಪುಟದ ತಲೆಯಲ್ಲಿ ತಾರೀಕು, ಗಂಟೆ, ಮಳೆಯೋ ಬಿಸಿಲೋ ಎಂಬುದು.

ಎಡಗಡೆ ಕಣ್ಣು, ಮೂಗು, ಕಿವಿ, ಬೆರಳು ಹೇಳಿದ್ದು ಮಾತ್ರ ಬರಬೇಕು. ಅಡುಗೆ ಸೋಡಕ್ಕೆ ವಿನೆಗರ್ ಹಾಕಿದಿರಿ ಎನ್ನಿ. "ಗುಳ್ಳೆ ಬಂತು, ಸಣ್ಣ ಶಬ್ದ ಬಂತು, ಲೋಟದ ತಳ ತಣ್ಣಗಾಯಿತು." ಇವೆಲ್ಲ ಎಡಕ್ಕೆ. "ಇಂಗಾಲದ ಡೈಆಕ್ಸೈಡ್ ಬಂತು" ಎಂಬುದು ಬಲಕ್ಕೆ. ಏಕೆಂದರೆ ನೀವು ಕಂಡದ್ದು ಗುಳ್ಳೆಯನ್ನು. ಅದರೊಳಗೆ ಇರುವುದು ಯಾವ ಅನಿಲ ಎಂದು ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಅದನ್ನು ತೋರಿಸಲು ಇನ್ನೊಂದು ಪರೀಕ್ಷೆ ಬೇಕು. ಅದು 5ನೇ ಹಂತದಲ್ಲಿ ಬರುತ್ತದೆ.

ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿ ಮಾಡಿ. ಹೊಡೆದುಹಾಕಿದ್ದೂ ಓದುವಂತಿರಬೇಕು. ಎಷ್ಟೋ ಸಲ ಮೊದಲು ಬರೆದದ್ದೇ ಸರಿಯಾಗಿರುತ್ತದೆ. ಪಕ್ಕದವರ ಪುಸ್ತಕ ನೋಡಿ ತಿದ್ದಿದ್ದೇ ತಪ್ಪಾಗಿರುತ್ತದೆ. ಚಂದ ಕಾಣಲಿ ಎಂದು ರಾತ್ರಿ ಕೂತು ನಕಲು ಪ್ರತಿ ಮಾಡುವ ಅಭ್ಯಾಸವೂ ಬೇಡ. ಸುಣ್ಣದ ಕಲೆ ಇರುವ ಪುಟವೇ ನನಗೆ ಇಷ್ಟ.

2. ತೆಂಗಿನೆಣ್ಣೆಯಿಂದ ಶುರು ಮಾಡಿ

ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಜನವರಿಯ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಬೆಳ್ಳಗೆ ಕಟ್ಟಿಕೊಂಡಿರುವುದನ್ನು ನೀವೇ ನೋಡಿದ್ದೀರಿ. ಉಳಿದ ತಿಂಗಳಲ್ಲಿ ಫ್ರಿಜ್ಜು ಇದೆ.

ಒಂದು ಸಣ್ಣ ಬಟ್ಟಲಿನಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ. ಲೋಟದಲ್ಲಿ ಅರ್ಧದಷ್ಟು ಕರಗಿದ ಎಣ್ಣೆ ಇರಲಿ. ಈಗ ತಡೆಯಿರಿ. ಗಟ್ಟಿ ತುಂಡನ್ನು ಲೋಟಕ್ಕೆ ಹಾಕಿದರೆ ತೇಲುತ್ತದೋ ಮುಳುಗುತ್ತದೋ? ಹಾಕುವ ಮೊದಲೇ ಬಲಗಡೆ ಬರೆದುಬಿಡಿ. ಆಮೇಲೆ ಹಾಕಿ, ನೋಡಿ, ಎಡಗಡೆ ಬರೆಯಿರಿ.

ಮಂಜುಗಡ್ಡೆ ನೀರಿನಲ್ಲಿ ತೇಲುವುದನ್ನು ನೋಡಿ ಬೆಳೆದವರು ಹೆಚ್ಚಾಗಿ 'ತೇಲುತ್ತದೆ' ಎನ್ನುತ್ತಾರೆ. ಎಣ್ಣೆಯ ತುಂಡು ಸಾಮಾನ್ಯವಾಗಿ ಮುಳುಗುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗುತ್ತವೆ, ಅಂದರೆ ಅಷ್ಟೇ ಜಾಗದಲ್ಲಿ ಜಾಸ್ತಿ ತೂಕ ಸೇರುತ್ತದೆ. ನೀರು ಮಾತ್ರ ಉಲ್ಟಾ. ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಹಾಗಾಗಿ ತೇಲುತ್ತದೆ. ನಾವು ದಿನಾ ನೋಡುವುದು ನೀರನ್ನು. ಅದೇ ನಿಯಮ, ಉಳಿದದ್ದೆಲ್ಲ ಅಪವಾದ ಎಂದುಕೊಂಡಿರುತ್ತೇವೆ.

ಗಟ್ಟಿಯಾಗುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ನಿಮ್ಮ ತುಂಡು ತೇಲಲೂಬಹುದು. ತೇಲಿದರೆ ತೇಲಿತು ಎಂದೇ ಬರೆಯಿರಿ. ನಾನು ಮುಳುಗುತ್ತದೆ ಎಂದೆ ಅಂತ ಮುಳುಗಿಸಬೇಡಿ.

ಎಣ್ಣೆ ಕರಗಿದರೂ ಗಟ್ಟಿಯಾದರೂ ಎಣ್ಣೆಯೇ. ಇದು ಭೌತಿಕ ಬದಲಾವಣೆ. ಅದೇ ಎಣ್ಣೆ ದೀಪದಲ್ಲಿ ಉರಿದು ಹೋದರೆ ಮತ್ತೆ ಎಣ್ಣೆ ಸಿಗುವುದಿಲ್ಲ, ಹೊಸ ವಸ್ತುಗಳಾಗಿರುತ್ತವೆ. ಅದು ರಾಸಾಯನಿಕ ಬದಲಾವಣೆ. ಈ ಎರಡರ ವ್ಯತ್ಯಾಸ ಇಷ್ಟೇ.

3. ಅಳತೆ

'ಸ್ವಲ್ಪ', 'ಒಂದಿಷ್ಟು' ಎಂಬ ಮಾತು ಅಡುಗೆಗೆ ಸರಿ, ಪುಸ್ತಕಕ್ಕಲ್ಲ. ಸಿರಿಂಜಿನಲ್ಲಿ ನೀರೆಳೆದು ಒಳಗಿನ ಗಾಳಿಗುಳ್ಳೆ ಹೊರಹಾಕಿ. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಓದಿ. ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಗೆರೆ ಜಾರಿದಂತೆ ಕಾಣುತ್ತದೆ. ಪ್ರತಿ ಅಳತೆ ಮೂರು ಸಲ. ಮೂರೂ ಬೇರೆ ಬೇರೆ ಬಂದರೆ ಮೂರನ್ನೂ ಬರೆಯಿರಿ. ಇಷ್ಟು ಸಾಕು, ಮುಂದೆ ಹೋಗೋಣ.

4. ದಾಸವಾಳದ ಸೂಚಕ

ಇದು ಈ ಲೇಖನದ ಮುಖ್ಯ ಹಂತ. ಒಂದು ಇಡೀ ಭಾನುವಾರ ಇದಕ್ಕೆ ಇಡಿ.

ಸೂಚಕ ಎಂದರೆ ಆಮ್ಲ ಸಿಕ್ಕಿದರೆ ಒಂದು ಬಣ್ಣ, ಪ್ರತ್ಯಾಮ್ಲ ಸಿಕ್ಕಿದರೆ ಇನ್ನೊಂದು ಬಣ್ಣ ತೋರಿಸುವ ವಸ್ತು. ಆಮ್ಲ ಎಂದರೆ ಹುಳಿಯ ಬಳಗ: ನಿಂಬೆ, ಹುಣಸೆ, ವಿನೆಗರ್, ಬಿಂಬುಳಿ. ಪ್ರತ್ಯಾಮ್ಲ ಇದಕ್ಕೆ ಎದುರಿನದು: ಸುಣ್ಣ, ಸೋಡ, ಸಾಬೂನು. ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಕ್ಷಾರ ಎನ್ನುತ್ತಾರೆ. ಕ್ಷಾರಕ್ಕೂ ಮೆಣಸಿನ ಖಾರಕ್ಕೂ ಸಂಬಂಧ ಇಲ್ಲ. ನಗಬೇಡಿ, ಉತ್ತರಪತ್ರಿಕೆಯಲ್ಲಿ ಕ್ಷಾರಕ್ಕೆ ಉದಾಹರಣೆಯಾಗಿ ಗಾಂಧಾರಿ ಮೆಣಸು ಬರೆದದ್ದನ್ನು ನಾನೇ ತಿದ್ದಿದ್ದೇನೆ.

ಹೂವಿನ ರಸದಿಂದ ಆಮ್ಲ, ಕ್ಷಾರ ಗುರುತಿಸಬಹುದು ಎಂದು 1664ರಲ್ಲೇ ರಾಬರ್ಟ್ ಬಾಯ್ಲ್ ಬರೆದಿದ್ದರು. ಅವರು ಬಳಸಿದ್ದು ನೇರಳೆ ಬಣ್ಣದ ವಯಲೆಟ್ ಹೂವಿನ ಪಾಕ. ನಮಗೆ ದಾಸವಾಳ ಇದೆ.

*ಮಾಡುವ ಕ್ರಮ.* ಒಂದೇ ಸುತ್ತಿನ ಕೆಂಪು ದಾಸವಾಳ ಐದಾರು ಕೊಯ್ಯಿರಿ. ಹಸಿರು ತೊಟ್ಟು, ನಡುವಿನ ಕೇಸರದ ದಂಡು ತೆಗೆದು ಎಸಳು ಮಾತ್ರ ಇಟ್ಟುಕೊಳ್ಳಿ. ಅರ್ಧ ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಸೋಸಿ. ಕುದಿಸುತ್ತಾ ಕೂರಬೇಡಿ, ಬಣ್ಣ ಕೆಡುತ್ತದೆ. ಈ ರಸ ಒಂದೆರಡು ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಹಾಗಾಗಿ ಆವತ್ತೇ ಬಳಸಿ.

ಸಾಲಾಗಿ ಲೋಟ ಇಡಿ, ಅಡಿಗೆ ಬಿಳಿ ಕಾಗದ ಹಾಸಿ. ಪ್ರತಿ ಲೋಟಕ್ಕೆ ಪರೀಕ್ಷಿಸುವ ವಸ್ತು 5 ಮಿಲಿಲೀಟರ್: ವಿನೆಗರ್, ನಿಂಬೆರಸ, ಎಳನೀರು, ಅಡುಗೆ ಸೋಡದ ನೀರು, ಸಾಬೂನಿನ ನೀರು, ಒಲೆಯ ಬೂದಿ ಕದಡಿ ಸೋಸಿದ ನೀರು, ಉಪ್ಪುನೀರು. ಇನ್ನೊಂದು ಲೋಟದಲ್ಲಿ ಬರೀ ನೀರು. ಎಲ್ಲಕ್ಕೂ ದಾಸವಾಳದ ರಸ ಸಮನಾಗಿ, 1 ಮಿಲಿಲೀಟರ್.

ಆ ಬರೀ ನೀರಿನ ಲೋಟವನ್ನು ಮಕ್ಕಳು ಮೊದಲು ಬಿಡುತ್ತಾರೆ. "ಅದರಲ್ಲೇನಿದೆ ನೋಡಲು?" ಎಂದು. ಅದು ಹೋಲಿಕೆಯ ಲೋಟ. ರಸಕ್ಕೆ ನೀರು ಸೇರಿದ್ದರಿಂದಲೇ ಎಷ್ಟು ತೆಳುವಾಯಿತು ಎಂದು ಗೊತ್ತಾದರೆ ಮಾತ್ರ ಉಳಿದ ಲೋಟಗಳಲ್ಲಿ ಬಣ್ಣ ನಿಜವಾಗಿ ಬದಲಾಯಿತೋ ಇಲ್ಲವೋ ಹೇಳಬಹುದು. ಮೇಳದಲ್ಲಿ ನೋಡಲು ಬರುವವರು ಮೊದಲು ಕೇಳುವುದೂ ಈ ಲೋಟವನ್ನೇ.

ಸಾಮಾನ್ಯವಾಗಿ ಆಮ್ಲದಲ್ಲಿ ಕಡು ಗುಲಾಬಿ, ಕ್ಷಾರದಲ್ಲಿ ಹಸಿರು ಬರುತ್ತದೆ. ಆದರೆ 'ಗುಲಾಬಿ', 'ಹಸಿರು' ಎಂದು ಎರಡೇ ಪದ ಬರೆದು ಪುಸ್ತಕ ಮುಚ್ಚಬೇಡಿ. ನಮ್ಮಲ್ಲಿ ಬಣ್ಣಕ್ಕೆ ಮಾತಿನ ಬರವೇ? ನೆಲ್ಲಿಕಾಯಿ ಹಸಿರು ಬೇರೆ, ಬಾಳೆಯ ಸುಳಿಯ ಹಸಿರು ಬೇರೆ, ಪಾಚಿಯ ಹಸಿರು ಬೇರೆ. ಯಾವುದಕ್ಕೆ ಹತ್ತಿರವೋ ಅದನ್ನು ಬರೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಸುಣ್ಣದಂತಹ ಬಿರುಸಿನ ಕ್ಷಾರದಲ್ಲಿ ಹಸಿರು ನಿಧಾನಕ್ಕೆ ಹಳದಿಗೆ ತಿರುಗುವುದುಂಟು. ಬಣ್ಣ ಕೊಡುವ ಆಂಥೋಸಯನಿನ್ ಎಂಬ ವಸ್ತು ಅಲ್ಲಿ ಒಡೆಯುತ್ತದೆ. ಒಂದೇ ಸಲ ನೋಡಿದವರಿಗೆ ಇದು ಸಿಗುವುದಿಲ್ಲ.

*ಎಡವುವ ಜಾಗಗಳು.*

ಮಜ್ಜಿಗೆ, ಹಾಲಿನ ಬಿಳಿಯಲ್ಲಿ ಸೂಚಕದ ಬಣ್ಣ ಮುಚ್ಚಿಹೋಗುತ್ತದೆ. ಮಜ್ಜಿಗೆ ಒಡೆದು ಮೇಲೆ ನಿಂತ ತಿಳಿಯನ್ನು ತೆಗೆದುಕೊಳ್ಳಿ.

ರಸದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿ ಮಾಡುವವರು ಬಹಳ. ಆಸೆಪಟ್ಟು ಮಾಡಿದ ಪಟ್ಟಿ ಏನೂ ತಾಗಿಸದೆಯೇ ಹಸಿರುಗಟ್ಟಿತು ಎಂದು ದೂರು. ತಪ್ಪು ದಾಸವಾಳದ್ದಲ್ಲ. ಈಗಿನ ಪ್ರಿಂಟಿನ ಕಾಗದದಲ್ಲಿ ಬಿಳುಪಿಗಾಗಿ ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸೇರಿಸಿರುತ್ತಾರೆ. ಕಾಗದವೇ ಪ್ರತ್ಯಾಮ್ಲ! ಶಾಲೆಯ ಸೋಸುಕಾಗದ ಸಿಕ್ಕರೆ ಅದರಲ್ಲಿ ಮಾಡಿ.

ಅರಿಶಿನದ ಮೋಸ ಇನ್ನೊಂದು. ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ. ಮದುವೆಮನೆಯಲ್ಲಿ ಆರತಿ ಎತ್ತುವ ಕೆಂಪು ನೀರು, ನಮ್ಮ ಕಡೆಯ ಕುರ್ದಿ ನೀರು, ಅರಿಶಿನಕ್ಕೆ ಸುಣ್ಣ ಸೇರಿಯೇ ಆಗುವುದು. ಆದರೆ ಆಮ್ಲದಲ್ಲೂ ಅರಿಶಿನ ಹಳದಿ, ಬರೀ ನೀರಿನಲ್ಲೂ ಹಳದಿ. ಹಾಗಾಗಿ 'ಹಳದಿಯಾಗೇ ಉಳಿಯಿತು, ಆದ್ದರಿಂದ ಇದು ತಟಸ್ಥ' ಎಂದು ಬರೆಯುವಂತಿಲ್ಲ. 'ಕ್ಷಾರ ಅಲ್ಲ' ಎನ್ನುವುದಷ್ಟೇ ಅರಿಶಿನ ಕೊಡುವ ಉತ್ತರ.

ಪುನರ್ಪುಳಿ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅಷ್ಟು ಚಂದದ ಕೆಂಪು, ಅದನ್ನೇ ಸೂಚಕ ಮಾಡಬಾರದೇ ಎಂದು. ಬಣ್ಣ ಬದಲಾಗುವುದು ನಿಜ, ಅದರಲ್ಲೂ ಆಂಥೋಸಯನಿನ್ ಇದೆ. ತೊಂದರೆ ಏನೆಂದರೆ ಪುನರ್ಪುಳಿಯಲ್ಲಿ ಆಮ್ಲವೂ ತುಂಬಿದೆ. ನೀವು ಹಾಕಿದ ಸೋಡ ಮೊದಲು ಆ ಹುಳಿಯೊಂದಿಗೆ ಗುದ್ದಾಡಿ ಮುಗಿಸಬೇಕು, ಆಮೇಲೆ ಬಣ್ಣದ ಸರದಿ. ಸ್ವಲ್ಪ ಕ್ಷಾರ ಇರುವ ವಸ್ತುವಿಗೆ ಇದು ಏನೂ ತೋರಿಸುವುದಿಲ್ಲ. ಪುನರ್ಪುಳಿ ಶರಬತ್ತಿಗೇ ಇರಲಿ.

ಪಿಎಚ್ ಎಂಬ ಮಾತು ಇಲ್ಲಿ ಬರುತ್ತದೆ. ಆಮ್ಲ ಎಷ್ಟು, ಕ್ಷಾರ ಎಷ್ಟು ಎಂದು ಸಂಖ್ಯೆಯಲ್ಲಿ ಹೇಳುವ ಅಳತೆಗೋಲು ಇದು. ಸಾಮಾನ್ಯವಾಗಿ 0ಯಿಂದ 14ರವರೆಗೆ. 7 ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ. 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸನ್ ಇದನ್ನು ತಂದರು. ಅವರು ಕೆಲಸ ಮಾಡುತ್ತಿದ್ದದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ನೆನಪಿಡಬೇಕಾದ್ದು ಒಂದೇ. ಒಂದು ಅಂಕೆ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. 5 ಎಂದರೆ 6ಕ್ಕಿಂತ 'ಸ್ವಲ್ಪ ಹುಳಿ' ಅಲ್ಲ, ಹತ್ತು ಪಟ್ಟು.

5. ಸುಣ್ಣದ ತಿಳಿ

ಬೇಯಿಸಿದ ಚಿಪ್ಪಿಗೆ ನೀರು ಹಾಕಿ ಸುಣ್ಣ ಅರಳಿಸುವ ಕೆಲಸಕ್ಕೆ ನೀವು ಹೋಗಬೇಡಿ. ಅದು ಕೊತಕೊತ ಕುದಿಯುತ್ತದೆ, ಮುಖಕ್ಕೆ ಹಾರುತ್ತದೆ. ಎಲೆಗೆ ಹಚ್ಚುವ ಸುಣ್ಣ ಈಗಾಗಲೇ ಅರಳಿದ್ದು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಣ್ಣ ಸೇರಿಸದ ಬಿಳಿ ಸುಣ್ಣ ತನ್ನಿ.

ನೆಲ್ಲಿಕಾಯಿ ಗಾತ್ರದ ಸುಣ್ಣವನ್ನು ಒಂದು ಲೀಟರ್ ನೀರಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಕುಲುಕಿ, ರಾತ್ರಿ ಇಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಅಲುಗಾಡಿಸದೆ ಬಗ್ಗಿಸಿಕೊಳ್ಳಿ. ಲೀಟರಿಗೆ ಕರಗುವುದು ಸುಮಾರು ಒಂದೂವರೆ ಗ್ರಾಂ ಮಾತ್ರ, ಉಳಿದದ್ದು ತಳದಲ್ಲಿ ಮಡ್ಡಿ. ಇನ್ನೊಂದು ಉಂಡೆ ಹಾಕಿದರೂ ತಿಳಿ ಗಟ್ಟಿಯಾಗುವುದಿಲ್ಲ. ಇನ್ನು ಕರಗಿಸಿಕೊಳ್ಳಲಾರದ ಇಂತಹ ದ್ರಾವಣವನ್ನೇ ಪುಸ್ತಕದಲ್ಲಿ ಪರ್ಯಾಪ್ತ ದ್ರಾವಣ ಎನ್ನುವುದು.

ಈಗ ಸ್ಟ್ರಾ ಇಟ್ಟು ಮೆಲ್ಲಗೆ ಊದಿ. ಊದಬೇಕು, ಹೀರಬಾರದು. ಚಿಕ್ಕ ತಮ್ಮ ತಂಗಿಯರಿಗೆ ಈ ಕೆಲಸ ಕೊಡಬೇಡಿ, ಸ್ಟ್ರಾ ಕಂಡ ಕೂಡಲೇ ಹೀರುತ್ತಾರೆ. ತಿಳಿ ಹಾಲಿನಂತಾಗುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಸುಮಾರು 4. ಅದು ಸುಣ್ಣದ ಜೊತೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ದ್ರಾವಣದಲ್ಲಿ ಹೀಗೆ ಕರಗದೆ ಹೊರಬೀಳುವ ಪುಡಿಗೆ ಒತ್ತರ ಎಂದು ಹೆಸರು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಬೇರೆ ಲೋಟದಲ್ಲಿ ಸ್ವಲ್ಪವೇ ತಿಳಿ ತೆಗೆದುಕೊಂಡು ಮಧ್ಯೆ ಸುಧಾರಿಸಿಕೊಳ್ಳುತ್ತಾ ತುಂಬ ಹೊತ್ತು ಊದಿ ನೋಡಿ. ತಲೆ ತಿರುಗಿದರೆ ನಿಲ್ಲಿಸಿ. ಹಾಲುಬಣ್ಣ ಮತ್ತೆ ತಿಳಿಯಾಗುತ್ತಾ ಬರುತ್ತದೆ. ಜಾಸ್ತಿ ಡೈಆಕ್ಸೈಡ್ ಸೇರಿ ಅದು ಕರಗುವ ಬೈಕಾರ್ಬೊನೇಟ್ ಆಗಿರುತ್ತದೆ. 'ಹಾಲಿನಂತಾಯಿತು' ಎಂದು ಮೊದಲೇ ಬರೆದು ಲೋಟ ತೊಳೆದವರು ಇದನ್ನು ಎಂದೂ ಕಾಣರು.

1ನೇ ಹಂತದ ಗುಳ್ಳೆಯ ಪ್ರಶ್ನೆಗೂ ಉತ್ತರ ಇಲ್ಲೇ. ಬಾಟಲಿಯಲ್ಲಿ ಸೋಡ, ವಿನೆಗರ್ ಸೇರಿಸಿ, ಬಾಯಿಗೆ ಕೊಳವೆ ಸಿಕ್ಕಿಸಿ, ಗುಳ್ಳೆಯ ಅನಿಲವನ್ನು ಸುಣ್ಣದ ತಿಳಿಗೆ ಬಿಡಿ. ಬಾಟಲಿಯ ಬಾಯಿ ಪೂರ್ತಿ ಬಿಗಿದು ಮುಚ್ಚಬೇಡಿ, ಒತ್ತಡಕ್ಕೆ ಸಿಡಿಯುತ್ತದೆ. ತಿಳಿ ಬೆಳ್ಳಗಾದರೆ ಆಗ ಮಾತ್ರ ಬಲಗಡೆ ಡೈಆಕ್ಸೈಡ್ ಎಂದು ಬರೆಯುವ ಹಕ್ಕು ನಿಮಗೆ ಬಂತು.

ಇದೇ ತಿಳಿಯಿಂದ ಇನ್ನೊಂದು. ಒಂದು ಚಮಚ ವಿನೆಗರಿಗೆ ಒಂಬತ್ತು ಚಮಚ ನೀರು ಬೆರೆಸಿ ತೆಳು ಮಾಡಿ. ಲೋಟದಲ್ಲಿ 5 ಮಿಲಿಲೀಟರ್ ಸುಣ್ಣದ ತಿಳಿ, ಅದಕ್ಕೆ ದಾಸವಾಳದ ರಸ ನಾಲ್ಕು ಹನಿ. ಹಸಿರಾಗುತ್ತದೆ. ತೆಳು ವಿನೆಗರನ್ನು ಸಿರಿಂಜಿನಲ್ಲಿ ಎಳೆದು ಹನಿಹನಿಯಾಗಿ ಬಿಡಿ, ಪ್ರತಿ ಹನಿಗೂ ಲೋಟ ತಿರುಗಿಸಿ. ಹಸಿರು ಹೋಗಿ ಗುಲಾಬಿ ಇಣುಕಿದ ಕೂಡಲೇ ನಿಲ್ಲಿಸಿ, ಎಷ್ಟು ಖರ್ಚಾಯಿತು ಓದಿ. ಆಮ್ಲ, ಕ್ಷಾರ ಒಂದನ್ನೊಂದು ತೀರಿಸಿಕೊಳ್ಳುವ ಈ ಕ್ರಿಯೆ ತಟಸ್ಥೀಕರಣ. ಹೀಗೆ ಅಳೆದು ಬಿಡುವ ಕೆಲಸಕ್ಕೆ ಪ್ಲಸ್ ಟುವಿನಲ್ಲಿ ಟೈಟ್ರೇಶನ್ ಎನ್ನುತ್ತಾರೆ. ಎಷ್ಟು ಮಿಲಿಲೀಟರ್ ಬರಬೇಕು ಎಂದು ನಾನು ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ನಿಮ್ಮೆಲ್ಲರ ಪುಸ್ತಕದಲ್ಲೂ ಅದೇ ಬರುತ್ತದೆ.

6. ಮೊಳೆ ಮತ್ತು ಮೈಲುತುತ್ತು

ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಮಲಯಾಳಂ ಅಂಗಡಿಯಲ್ಲಿ 'ತುರಿಶ್' ಎನ್ನಿ. ಅಡಿಕೆ ತೋಟದ ಮನೆಯಾದರೆ ಕೊಳ್ಳುವುದೇ ಬೇಡ, ಮಳೆಗಾಲಕ್ಕೆ ಮುಂಚೆ ಮದ್ದು ಬಿಡಲು ತಂದಿಟ್ಟದ್ದು ಇರುತ್ತದೆ.

ಅರ್ಧ ಲೋಟ ನೀರಿಗೆ ಕಾಲು ಚಮಚ ಹಾಕಿ ಕರಗಿಸಿ. ಮೊಳೆಗಳನ್ನು ಮಿಂಚುವವರೆಗೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಎರಡನ್ನು ನೂಲು ಕಟ್ಟಿ ಲೋಟಕ್ಕೆ ಇಳಿಬಿಡಿ, ಒಂದನ್ನು ಹೋಲಿಕೆಗೆ ಹೊರಗಿಡಿ. 5, 15, 30 ನಿಮಿಷಕ್ಕೆ, ಆಮೇಲೆ ಮಾರನೇ ದಿನ ನೋಡಿ. ಮೊಳೆಗೆ ಕಂದುಗೆಂಪು ಲೇಪ ಕೂರುತ್ತದೆ. ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳಿದೆ. ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಎಂದು ಹೆಸರು. ನೀಲಿ ಮಾಸಿ ಹಸಿರುಛಾಯೆ ಬರುವುದು ನಿಧಾನ. ತುತ್ತು ಜಾಸ್ತಿ ಹಾಕಿದ್ದರೆ ಕಾಣುವುದೇ ಇಲ್ಲ. 'ನೀಲಿ ಹೋಯಿತು' ಎಂದು ಕಾಣದೆ ಬರೆಯುವವರು ಇಲ್ಲೇ ಸಿಕ್ಕಿಬೀಳುವುದು.

ಮೊಳೆಯ ಬದಲು ಸ್ಟೀಲ್ ಚಮಚ ಇಟ್ಟರೆ ಏನೂ ಆಗದಿರಬಹುದು, ಅದರ ಮೈಮೇಲೆ ಕಾಪಾಡುವ ಪದರ ಇದೆ. ಹೊಳೆಯುವ ಬಿಳಿ ಮೊಳೆಗೆ ಸತುವಿನ ಲೇಪ ಇರುತ್ತದೆ, ಅದೂ ಬೇಡ. ಸಾದಾ ಕಬ್ಬಿಣದ್ದೇ ಆಗಬೇಕು.

ನಿಮ್ಮ ಅಜ್ಜನೋ ಮಾವನೋ ಇದೇ ಪ್ರಯೋಗ ಪ್ರತಿ ವರ್ಷ ಮಾಡುತ್ತಾರೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿಗೆ 1 ಕೆಜಿ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುತ್ತಾರೆ. ಆಮೇಲೆ ತೊಳೆದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ಎತ್ತಿ ನೋಡುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡುಗಡೆಯಾಗಿಯೇ ಇದೆ, ಹಾಗೇ ಬಿಟ್ಟರೆ ಅಡಿಕೆ ಕೊನೆ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಈ ಮದ್ದು ಮಾಡಬಾರದು ಎನ್ನುವುದಕ್ಕೂ ಕಾರಣ ಅದೇ ಮೊಳೆಯ ಪಾಠ. ಮದ್ದು ಮಾಡುವ ದಿನ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ನಿಲ್ಲಿ. ಸುರಿಯುವ ಮೊದಲು, ಸುರಿಯುವಾಗ, ಸುರಿದ ಮೇಲೆ ಬಣ್ಣ ಏನಾಯಿತು ಬರೆದುಕೊಳ್ಳಿ.

ಈ ಮದ್ದು ಹುಟ್ಟಿದ್ದೇ ಒಬ್ಬರು ನೋಡಿದ್ದರಿಂದ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುಬರುವವರು ಕಿತ್ತು ತಿನ್ನಬಾರದೆಂದು ಬೆಳೆಗಾರರು ತುತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ರೋಗ ಬಂದ ವರ್ಷ ದಾರಿಬದಿಯ ಬಳ್ಳಿಗಳು ಮಾತ್ರ ಚೆನ್ನಾಗಿರುವುದು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ಬೂಷ್ಟಿಗೆ ಮದ್ದಾಯಿತು.

ಉಳಿದ ತುತ್ತಿನ ನೀರನ್ನು ಬಾವಿಕಟ್ಟೆಯಲ್ಲೋ ತೋಡಿನ ಹತ್ತಿರವೋ ಚೆಲ್ಲಬೇಡಿ, ಮೀನು ಸಾಯುತ್ತವೆ. ಸುಣ್ಣದ ನೀರು ಬೆರೆಸಿ, ದೂರದಲ್ಲಿ ಗುಂಡಿ ತೆಗೆದು ಹೂತುಬಿಡಿ.

7. ಬಾವಿ ನೀರಿನ ಪುಟ

ಇದಕ್ಕೆ ಒಂದು ಸಲಕ್ಕೆ ಐದು ನಿಮಿಷ ಸಾಕು. ಆದರೆ ತಿಂಗಳುಗಟ್ಟಲೆ ಬೇಕು.

ಬಾವಿ, ಬೋರ್‌ವೆಲ್, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ನಿಮ್ಮ ಮನೆಗೆ ನೀರು ಎಲ್ಲಿಂದಲೋ ಅಲ್ಲಿಂದ ಒಂದು ತಿಳಿ ಬಾಟಲಿ ತುಂಬಿಸಿ. ತುಂಬಿದ ಕೂಡಲೇ ಒಮ್ಮೆ, ಮಾರನೇ ದಿನ ಒಮ್ಮೆ ಬಿಳಿ ಕಾಗದ ಹಿಂದಿಟ್ಟು ನೋಡಿ. ಕೆಲವು ಬೋರ್‌ವೆಲ್ ನೀರು ಬರುವಾಗ ಕನ್ನಡಿಯಂತಿದ್ದು ನಿಂತ ಮೇಲೆ ಕೆಂಪು ಮಡ್ಡಿ ಬಿಡುತ್ತದೆ. ನೆಲದಾಳದಲ್ಲಿ ಗಾಳಿ ಇಲ್ಲದಾಗ ಕಬ್ಬಿಣ ಕರಗಿಕೊಂಡಿರುತ್ತದೆ. ಮೇಲೆ ಬಂದು ಗಾಳಿ ತಾಗಿದಾಗ ಕರಗದ ರೂಪಕ್ಕೆ ತಿರುಗಿ ಕೆಳಗೆ ಕೂರುತ್ತದೆ. ಹಾಲಿಲ್ಲದ ಕಡು ಚಹಾವನ್ನು ಹೊಸದಾಗಿ ತಂದ ಆ ನೀರಿಗೆ ಒಂದು ಚಮಚ ಹಾಕಿದರೆ ಕಪ್ಪುಗಟ್ಟಬಹುದು. ಚಹಾದ ಟ್ಯಾನಿನ್, ಅಂದರೆ ಒಗರಿನ ಅಂಶ, ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಬಾಳೆಕಾಯಿ ಕೊರೆದ ಮೆಟ್ಟುಕತ್ತಿ ಕಪ್ಪಾಗುವುದೂ ಹೀಗೆಯೇ. ಹೋಲಿಕೆಗೆ ಮಳೆನೀರಿನ ಲೋಟ ಇಡಲು ಮರೆಯಬೇಡಿ.

ನಮ್ಮ ಮುರಕಲ್ಲಿನ ಕೆಂಪೂ ಕಬ್ಬಿಣದ್ದೇ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರಲ್ಲಿ ಫ್ರಾನ್ಸಿಸ್ ಬುಕನನ್, ಅದೂ ನಮ್ಮ ಕೇರಳದ ಅಂಗಾಡಿಪುರಂನಲ್ಲಿ ನೋಡಿ. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಬಂದ ಹೆಸರು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲನ್ನು ಇಟ್ಟಿಗೆಯಂತೆ ಕೊಯ್ಯುವುದನ್ನು ಅವರು ಕಂಡಿದ್ದರು. ಮುರಕಲ್ಲಿನಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಹಾಗಾಗಿ ಮಳೆನೀರಿನ ಸಣ್ಣ ಆಮ್ಲತೆ ಇಲ್ಲಿ ಸಾಯದೆ ಉಳಿಯುತ್ತದೆ, ನಮ್ಮ ಬಾವಿ ನೀರು ಸಾಮಾನ್ಯವಾಗಿ 7ಕ್ಕಿಂತ ಕೆಳಗೆ ಇರುತ್ತದೆ. ದಾಸವಾಳದ ರಸಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಬಾರದು. ಶಾಲೆಯಲ್ಲಿ ಪಿಎಚ್ ಕಾಗದ ಕೇಳಿ ಪಡೆಯಿರಿ. ಹತ್ತಿಪ್ಪತ್ತು ಪಟ್ಟಿ ಇದ್ದರೆ ವಾರಕ್ಕೊಂದರಂತೆ ಮಳೆಗಾಲ ದಾಟುತ್ತದೆ.

ಪುಟದಲ್ಲಿ ಐದು ಕಾಲಂ ಹಾಕಿ: ತಾರೀಕು, ನೀರಿನ ಮಟ್ಟ, ಪಿಎಚ್, ನಿಂತ ಮೇಲೆ ಬಣ್ಣ, ಆ ವಾರ ಮಳೆ ಬಂತೋ ಇಲ್ಲವೋ. ಮಟ್ಟ ಅಳೆಯಲು ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ಯಾವತ್ತೂ ಕಟ್ಟೆಯ ಒಂದೇ ಜಾಗದಿಂದ ಇಳಿಸಿ, ಬಗ್ಗಿ ನೋಡಬೇಡಿ, ದೊಡ್ಡವರು ಜೊತೆಗಿರಲಿ. ಅಳತೆ ತಪ್ಪಿದ ವಾರ ಖಾಲಿ ಬಿಡಿ. ಹಿಂದಿನ ವಾರ ಮುಂದಿನ ವಾರ ನೋಡಿ ನಡುವಿನದ್ದು ಊಹಿಸಿ ತುಂಬಿಸುವ ಆಸೆ ಆಗುತ್ತದೆ, ಬೇಡ. ಖಾಲಿ ಜಾಗಕ್ಕೆ 'ಜ್ವರ ಬಂದಿತ್ತು' ಎಂದು ಬರೆದರೂ ಅದು ನಿಜದ ಮಾಹಿತಿಯೇ.

ಏಪ್ರಿಲ್ ಕೊನೆಯಲ್ಲೇ ಶುರು ಮಾಡುವುದು ಒಳ್ಳೆಯದು. ಮೊದಲ ಜೋರು ಮಳೆಯ ಹಿಂದಿನ ದಿನದ ಅಳತೆ ಕೈಯಲ್ಲಿಲ್ಲದಿದ್ದರೆ ಆಮೇಲೆ ಬರೆದ ಯಾವ ಸಂಖ್ಯೆಯನ್ನೂ ಅದಕ್ಕೆ ಹೋಲಿಸಲು ಆಗುವುದಿಲ್ಲ, ಅದಕ್ಕೆ ಇನ್ನೊಂದು ವರ್ಷ ಕಾಯಬೇಕು.